ಏಳೋ ಕ್ಲೀವಾನ್, ಏಳು

ಹಾಲೋವೇ ಟವರ್ಸ್, ಕ್ವೀನ್ಸ್
18 ಸೆಪ್ಟೆಂಬರ್ 2023

ಡೆಸ್ಸಕ್ಕ,

ನಿನ್ನ ಕಾರ್ಡ್ ಬಂತು. ಮುಂದೆ ನೀಲಿ ಸಮುದ್ರ, ಬಿಳಿ ಹಡಗು. ಹಿಂದೆ ಮೂರೇ ಸಾಲು. ಅಮ್ಮನನ್ನು ಮಣ್ಣು ಮಾಡಿದ ದಿನ ಚರ್ಚಿನ ಬಾಗಿಲಿನಿಂದಲೇ ಟ್ಯಾಕ್ಸಿ ಹತ್ತಿ ಹೋದವಳಿಂದ ಬಂದ ಮೊದಲ ಬರಹ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ. ಫೋನ್ ಮಾಡು ಎಂದಿದ್ದೀಯ. ಬೇಡ. ಫೋನಿನಲ್ಲಿ ನಾವಿಬ್ಬರೂ ಎರಡನೇ ಮಾತಿಗೇ ಜಗಳಕ್ಕೆ ನಿಲ್ಲುತ್ತೇವೆ. ನಾನು ಟರ್ಕಿಯಲ್ಲಿ ಯಾವುದೋ ಊರಿನ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಆಡುತ್ತಿದ್ದಾಗ ನೀನು ಕಾಗದ ಬರೆಯುತ್ತಿದ್ದೆಯಲ್ಲ, ಆಗ ಒಮ್ಮೆಯೂ ಜಗಳವಾಗಿರಲಿಲ್ಲ. ಹಾಗೇ ಬರಿ.

ನೀನು ಕೇಳಿದ್ದಕ್ಕೆ ಉತ್ತರ: ಇಲ್ಲ. ಫೆಬ್ರವರಿಯಲ್ಲಿ ನಿಮ್ಮ ಹಡಗಿನಲ್ಲಿ ತೊಂಬತ್ತರ ದಶಕದ ವಿಶೇಷ ಯಾನವಂತೆ, ನಡೆಯಲಿ. ನೀನು ಹಾಡು, ಜನ ಕುಣಿಯಲಿ. ಆದರೆ "ಹಾಡಿನಲ್ಲಿರುವ ಹುಡುಗ ಇವನೇ" ಎಂದು ನನ್ನನ್ನು ವೇದಿಕೆಗೆ ತಳ್ಳಿಕೊಂಡು ಬರುವುದು ಬೇಡ. ತಳ್ಳಿಕೊಂಡು ಎಂದೆ. ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ಕಳೆದ ವರ್ಷ ಸಕ್ಕರೆ ಕಾಯಿಲೆಗೆ ನನ್ನ ಬಲಗಾಲು ಹೋಯಿತು, ಮೊಣಕಾಲಿನ ಕೆಳಗೆ. ಕಿಡ್ನಿಯೂ ಕೈಕೊಟ್ಟಿದೆ. ವಾರಕ್ಕೆ ಮೂರು ದಿನ ಡಯಾಲಿಸಿಸ್‌ಗೆ ಹೋಗುತ್ತೇನೆ. ನೀರು ಅಳೆದು ಕುಡಿಯಬೇಕು, ಬಾಯಿ ಒಣಗಿದರೆ ಐಸ್ ತುಂಡು ಚೀಪಬೇಕು. ಇಷ್ಟೇ. ಅಯ್ಯೋ ಅನ್ನಿಸಿಕೊಳ್ಳಲು ಬರೆದಿಲ್ಲ, ಯಾಕೆ ಬರುವುದಿಲ್ಲ ಎಂದು ಗೊತ್ತಾಗಲಿ ಎಂದು ಬರೆದೆ.

ಹಾಡಿನ ಆ ಹುಡುಗನಿಗೆ ಹತ್ತೊಂಬತ್ತು ವರ್ಷ. ನಮ್ಮ ಟವರಿನ ಕೆಳಗಿನ ಆಟದ ಕೋರ್ಟಿನಲ್ಲಿ ಕ್ಲೀವಾನ್ ಬ್ರಾಡ್‌ನಾಕ್ಸ್‌ನ ತಲೆಯ ಮೇಲಿಂದ ಹಾರಿ ಚೆಂಡನ್ನು ಬುಟ್ಟಿಗೆ ಬಡಿದ. ಕ್ಲೀವಾನ್ ಸಿಮೆಂಟಿನ ಮೇಲೆ ಕುಕ್ಕರಿಸಿದ. ಬೇಲಿಯಾಚೆ ನಿಂತಿದ್ದ ನೀನು "ಏಳೋ ಕ್ಲೀವಾನ್, ಏಳು" ಎಂದು ಕೂಗಿದೆ. ಮಾರನೆಯ ವಾರ ಅಪ್ಪನ ಹಳೆಯ ಜಾಝ್ ರೆಕಾರ್ಡಿನಿಂದ ತುತ್ತೂರಿ ನಾದದ ಒಂದು ತುಂಡನ್ನು ಕತ್ತರಿಸಿ ಸುತ್ತಿ ಸುತ್ತಿ ಬರುವ ಹಾಗೆ ಮಾಡಿ, ಅದರ ಮೇಲೆ ಆ ಕೂಗನ್ನೇ ಪಲ್ಲವಿ ಮಾಡಿದೆ. ಆ ಬೇಸಿಗೆಯೆಲ್ಲ ಊರಿನ ಪ್ರತಿ ಕಾರಿನ ಕಿಟಕಿಯಿಂದಲೂ ನೀನೇ. ಬೇರೆ ರ್ಯಾಪ್ ಹಾಡುಗಳ ಹಾಗೆ ಬಂದೂಕಿಲ್ಲ, ಬಂಗಾರದ ಸರವಿಲ್ಲ, ಬೀದಿಯ ಒಂದು ಆಟದ ಬಗ್ಗೆ ನಗುನಗುತ್ತಾ ಹೇಳಿದ ಹಾಡು. ಚೆನ್ನಾಗಿತ್ತು ಅಕ್ಕ. ಈಗಲೂ ಚೆನ್ನಾಗಿದೆ. ಆದರೆ ನಾನು ಅದರಲ್ಲಿ ಇಲ್ಲ.

ಲಿಫ್ಟ್‌ನ ವಿಷಯ ಕೇಳಿದ್ದೀಯ. ಎರಡರಲ್ಲಿ ಒಂದು ಸತ್ತು ಯಾವ ಕಾಲವೋ ಆಯಿತು. ಇನ್ನೊಂದು ಮನಸ್ಸಿದ್ದರೆ ಬರುತ್ತದೆ. ಹದಿನಾಲ್ಕನೇ ಮಹಡಿಯವರು ಅದರ ಜೊತೆ ನಯವಾಗಿ ಮಾತಾಡುವುದನ್ನು ಕಲಿತಿದ್ದೇವೆ.

ನಿನ್ನ ತಮ್ಮ,
ಥರ್ಮನ್


ಹಡಗಿನಿಂದ, ಕೋಜುಮೆಲ್ ಬಂದರು
22 ಅಕ್ಟೋಬರ್ 2023

ಥರ್ಮ್,

ನಿನ್ನ ಕಾಲಿನ ಬಗ್ಗೆ ಬರೆಯಲು ಕೂತೆ. ಎರಡು ಸಲ ಬರೆದು ಹರಿದೆ. ಈಗ ಬೇರೆಯದನ್ನು ಬರೆಯುತ್ತೇನೆ, ಸಿಟ್ಟಾಗಬೇಡ.

ನನ್ನ ಕೋಣೆ ನೀರಿನ ಮಟ್ಟಕ್ಕಿಂತ ಕೆಳಗಿದೆ. ಕಿಟಕಿ ಇರುವ ಜಾಗದಲ್ಲಿ ಕಿಟಕಿಯ ಚಿತ್ರ ಅಂಟಿಸಿದ್ದಾರೆ, ತೆಂಗಿನ ಮರದ್ದು. ಮಂಚ, ಕನ್ನಡಿ, ಇಸ್ತ್ರಿ ಮಾಡಿದ ಅದೇ ಡಂಗರಿ. ಹೌದು, ಒಂದು ಹೆಗಲಪಟ್ಟಿ ಹಾಕಿ ಇನ್ನೊಂದನ್ನು ಜೋತುಬಿಡುತ್ತಿದ್ದ ಡಂಗರಿ, ಕೊರಳಲ್ಲಿ ಆಫ್ರಿಕಾ ನಕ್ಷೆಯ ಚರ್ಮದ ಪದಕ. ಐವತ್ತಮೂರು ವರ್ಷದ ಹೆಂಗಸಿಗೆ ಅದನ್ನೇ ಹಾಕಬೇಕೆಂದು ಕರಾರಿನಲ್ಲೇ ಇದೆ. ಬೇರೆ ಹಾಡು ಹಾಡುವ ಹಾಗಿಲ್ಲ ಎಂದೂ ಇದೆ. ಹೊಸದನ್ನು ಬರೆದಿದ್ದೇನೆ ಎಂದು ಕಾರ್ಯಕ್ರಮದ ಮ್ಯಾನೇಜರನಿಗೆ ಹೇಳಿದೆ. ಮೂವತ್ತರ ಆಸುಪಾಸಿನ ಹುಡುಗ, ತುಂಬಾ ವಿನಯ.

"ಮೇಡಂ, ಜನ ಇಲ್ಲಿಗೆ ಹೊಸದು ಕೇಳಕ್ಕೆ ಬರಲ್ಲ. ವಾಪಸ್ ಹೋಗಕ್ಕೆ ಬರ್ತಾರೆ."

"ಎಲ್ಲಿಗೆ?"

"ನಂಗೊತ್ತಿಲ್ಲ ಮೇಡಂ, ನಾನಾಗ ಹುಟ್ಟಿರ್ಲಿಲ್ಲ."

ಬರುವವರು ನಮ್ಮ ವಯಸ್ಸಿನವರೇ. ಹೊಟ್ಟೆಯ ಮೇಲೆ ಬಿಗಿಯಾದ, ಆ ಕಾಲದ ಆಟಗಾರರ ಹೆಸರಿನ ಹಳೆಯ ಜೆರ್ಸಿ. ಯೂಯಿಂಗ್ ಒಬ್ಬ, ಓಕ್ಲಿ ಒಬ್ಬ, ಪಕ್ಕದಲ್ಲಿ ಪುಟಾಣಿ ಬೋಗ್ಸ್‌ನ ಜೆರ್ಸಿ ತೊಟ್ಟ ಆರಡಿ ಮೀರಿದ ಮನುಷ್ಯ. ನಿನ್ನೆ ಒಬ್ಬ ತಲೆಯ ಹಿಂದೆ ಆಟಗಾರ ಮೇಸನ್ ಹಾಗೆ ಅಕ್ಷರ ಕೆತ್ತಿಸಿಕೊಂಡು ಬಂದಿದ್ದ; ಕೂದಲು ಕಡಿಮೆಯಿದ್ದುದರಿಂದ ಏನು ಬರೆದಿದೆ ಎಂದು ಯಾರಿಗೂ ಓದಲಾಗಲಿಲ್ಲ. ನೀನಿದ್ದಿದ್ದರೆ ಅವನನ್ನು ಬಿಡುತ್ತಿರಲಿಲ್ಲ. ನಾನು ಕೈ ಎತ್ತುತ್ತೇನೆ, ಸಭಾಂಗಣವಿಡೀ "ಏಳೋ ಕ್ಲೀವಾನ್, ಏಳು" ಎನ್ನುತ್ತದೆ. ಕೆಲವರು ಅಳುತ್ತಾರೆ. ಯಾಕೆ ಅಳುತ್ತಾರೆ ಎಂದು ಮೊದಲು ಅರ್ಥವಾಗುತ್ತಿತ್ತು.

ಕರಾರು ಮಾರ್ಚ್ ಕೊನೆಯವರೆಗೆ. ನಡುವೆ ಇಳಿದು ಹೋದರೆ ಮತ್ತೆ ಯಾವ ಹಡಗೂ ಹತ್ತಿಸುವುದಿಲ್ಲ. ನೆಲದ ಮೇಲೆ ನನ್ನನ್ನು ಕರೆಯುವವರು ಯಾರೂ ಉಳಿದಿಲ್ಲ.

ನಿನಗೆ ಊಟ ಯಾರು ಮಾಡಿಕೊಡುತ್ತಾರೆ?

ಒಡೆಸ್ಸಾ


ಹಾಲೋವೇ ಟವರ್ಸ್
19 ನವೆಂಬರ್ 2023

ಡೆಸ್ಸಕ್ಕ,

ಊಟಕ್ಕೆ ಚಿಂತೆಯಿಲ್ಲ. ಎದುರು ಬಾಗಿಲಿನ ಮಿಸ್ ವಿಲ್ಹೆಲ್ಮಿನಾ ನೆನಪಿದ್ದಾರಲ್ಲ, ಶಾಲೆಯ ಅಡುಗೆಮನೆಯಲ್ಲಿದ್ದವರು? ನನಗೆಂದು ಬೇರೆಯಾಗಿ ಉಪ್ಪಿಲ್ಲದೆ ಮಾಡುತ್ತಾರೆ. ಆಲೂಗಡ್ಡೆ ಇಲ್ಲ, ಸೊಪ್ಪಿಲ್ಲ, ಹಂದಿಮಾಂಸ ಹಾಕದ ಬೀನ್ಸ್. "ಇದನ್ನ ಅಡುಗೆ ಅಂತ ದೇವರ ಮುಂದೆ ಹೇಳಕ್ಕೆ ನಂಗೇ ನಾಚ್ಕೆ" ಅನ್ನುತ್ತಾ ಕೊಡುತ್ತಾರೆ. ನಾನೂ ನಾಚುತ್ತಾ ತಿನ್ನುತ್ತೇನೆ.

ಇನ್ನೊಂದು ಲಿಫ್ಟೂ ನಿಂತಿತು. ಮೋಟಾರು ಸುಟ್ಟಿದೆಯಂತೆ. ಬೇರೆ ದೇಶದಿಂದ ಭಾಗ ಬರಬೇಕಂತೆ. ಕಟ್ಟಡದ ಆಫೀಸಿನವಳು ಫೋನಿನಲ್ಲಿ "ನಿಮ್ಮ ತಾಳ್ಮೆಗೆ ಧನ್ಯವಾದ" ಎಂದಳು. ನಾನು ತಾಳ್ಮೆ ಕೊಟ್ಟಿದ್ದು ಯಾವಾಗ ಎಂದು ಕೇಳುವಷ್ಟರಲ್ಲಿ ಇಟ್ಟುಬಿಟ್ಟಳು. ಹೇಗೋ ನಡೆಯುತ್ತಿದೆ, ತಲೆ ಕೆಡಿಸಿಕೊಳ್ಳಬೇಡ.

ಹಗಲೆಲ್ಲ ಹಳೆಯ ಆಟಗಳನ್ನು ನೋಡುತ್ತೇನೆ. ತೊಂಬತ್ತನಾಲ್ಕರ ಫೈನಲ್‌ನ ಕೊನೆಯ ಆಟವನ್ನು ಮತ್ತೆ ನೋಡಿದೆ, ನಮ್ಮೂರ ತಂಡ ಹ್ಯೂಸ್ಟನ್‌ಗೆ ಸೋತದ್ದು. ಅವತ್ತು ಇದೇ ಕೋಣೆಯಲ್ಲಿ ನಾವೆಲ್ಲ ಕೂತಿದ್ದೆವು. ಅಮ್ಮ ಟಿವಿಗೆ ಬೆನ್ನು ಹಾಕಿ ಬಟ್ಟೆ ಮಡಚುತ್ತಿದ್ದಳು, ನೋಡಿದರೆ ನಮ್ಮವರು ಸೋಲುತ್ತಾರೆ ಎಂದು. ನಮ್ಮ ತಂಡದ ಸ್ಟಾರ್ಕ್ಸ್ ಎಸೆಯುತ್ತಾನೆ, ತಪ್ಪುತ್ತದೆ. ಮತ್ತೆ ಎಸೆಯುತ್ತಾನೆ, ಮತ್ತೆ ತಪ್ಪುತ್ತದೆ. ನೀನು ಚಪ್ಪಲಿ ತೆಗೆದು ಟಿವಿಗೆ ಎಸೆದೆ, ಅದೂ ತಪ್ಪಿತು. ಊರೆಲ್ಲ ಅವನನ್ನು ಬೈದಿತು, ಯಾಕೆ ನಿಲ್ಲಿಸಲಿಲ್ಲ ಎಂದು. ನನಗೆ ಈಗ ಅನ್ನಿಸುತ್ತದೆ, ಅಂಥ ದಿನ ಮನುಷ್ಯನಿಗೆ ಕೈಯೊಳಗಿನ ಚೆಂಡು ಬಿಟ್ಟರೆ ಬೇರೆ ಬಾಗಿಲು ಕಾಣುವುದಿಲ್ಲ. ನಿಲ್ಲಿಸು ಎನ್ನುವವರು ಸೋಫಾದ ಮೇಲೆ ಕೂತಿರುತ್ತಾರೆ.

ಆಮೇಲೆ ಕಿಟಕಿಯ ಬಳಿ ಕೂರುತ್ತೇನೆ. ಕೋರ್ಟು ಇಲ್ಲಿಂದ ಅಂಗೈಯಷ್ಟು ಕಾಣುತ್ತದೆ. ಆಡುವವರ ಮುಖ ಕಾಣದು, ನೆತ್ತಿ ಮಾತ್ರ. ಚೆಂಡಿನ ಸದ್ದು ತಡವಾಗಿ ಮೇಲೆ ಬರುತ್ತದೆ, ಕಣ್ಣಿಗೊಂದು ಕಿವಿಗೊಂದು. ಕಪ್ಪು ಜಾಕೆಟ್ಟಿನ ಒಬ್ಬ ಹುಡುಗಿ ಇದ್ದಾಳೆ, ಎಡಗೈಯವಳು, ಯಾವಾಗಲೂ ಒಂದು ಹೆಜ್ಜೆ ಮೊದಲೇ ಎಸೆಯುತ್ತಾಳೆ. ಕೂಗಿ ಹೇಳೋಣ ಎಂದು ಬಾಯಿ ತೆರೆಯುತ್ತೇನೆ. ಇಲ್ಲಿಂದ ಏನು ಕೂಗಿದರೂ ಗಾಳಿಗೆ.

ಒಂದು ಕೇಳಲೇ? ಹಾಡು ಮುಗಿದ ಮೇಲೆ ಜನ ನನ್ನ ಬಗ್ಗೆ ಕೇಳುತ್ತಾರೆಯೇ? ಏನು ಹೇಳುತ್ತೀಯ?

ಥರ್ಮನ್


ಹಡಗಿನಿಂದ
17 ಡಿಸೆಂಬರ್ 2023

ಥರ್ಮ್,

ಕೇಳುತ್ತಾರೆ. "ಚೆನ್ನಾಗಿದ್ದಾನೆ, ನಿಮಗೆಲ್ಲ ನಮಸ್ಕಾರ ಹೇಳಿದ್ದಾನೆ" ಎನ್ನುತ್ತೇನೆ. ಚಪ್ಪಾಳೆ ಬೀಳುತ್ತದೆ.

ಲಿಫ್ಟ್ ಇಲ್ಲದೆ ನೀನು ಡಯಾಲಿಸಿಸ್‌ಗೆ ಹೇಗೆ ಹೋಗುತ್ತಿದ್ದೀಯ? ನಿನ್ನ ಕಾಗದವನ್ನು ಮತ್ತೆ ಮತ್ತೆ ಓದಿದೆ, ಎಲ್ಲೂ ಬರೆದಿಲ್ಲ. ಸ್ಟಾರ್ಕ್ಸ್ ಬಗ್ಗೆ ಒಂದು ಪುಟ ಬರೆದಿದ್ದೀಯ. ಮೂರು ಬಂದರಿನಿಂದ ಫೋನ್ ಮಾಡಿದೆ, ಎತ್ತಲಿಲ್ಲ. ಜಗಳವಾಡುವುದಿಲ್ಲ, ಎತ್ತು.

ಕ್ರಿಸ್ಮಸ್‌ಗೆ ಒಂದು ಪೊಟ್ಟಣ ಕಳಿಸಿದ್ದೇನೆ. ಉಣ್ಣೆಯ ಟೋಪಿ, ಕಿವಿ ಮುಚ್ಚುವುದು. ಅಮ್ಮನ ಒಲೆಯ ಪಕ್ಕದ ಆ ಕಿಟಕಿಯಲ್ಲಿ ಗಾಳಿ ನುಗ್ಗುತ್ತದಲ್ಲ.

ಉತ್ತರ ಬರಿ. ಎರಡು ಸಾಲಾದರೂ ಸರಿ.

ಒಡೆಸ್ಸಾ


ಹಾಲೋವೇ ಟವರ್ಸ್
9 ಜನವರಿ 2024

ಮಗಳೇ ಒಡೆಸ್ಸಾ,

ನಾನು ಮಿಸ್ ವಿಲ್ಹೆಲ್ಮಿನಾ ಸ್ಯಾಟರ್‌ಫೀಲ್ಡ್. ನಿನ್ನ ವಿಳಾಸ ನಿಮ್ಮ ಮನೆಯ ಫ್ರಿಜ್ಜಿನ ಮೇಲಿತ್ತು. ನಿನ್ನ ತಮ್ಮ ನಿದ್ದೆ ಮಾಡುತ್ತಿದ್ದಾಗ ಬರೆದುಕೊಂಡೆ. ಹೇಳಬೇಡಿ ಎಂದಿದ್ದ. ನಾನು ಹೂಂ ಅಂದಿರಲಿಲ್ಲ.

ಲಿಫ್ಟ್ ಕೆಟ್ಟ ಮೇಲೆ ಮೊದಮೊದಲು ಆಂಬ್ಯುಲೆನ್ಸಿನವರು ಬಂದು ಕುರ್ಚಿಗೆ ಕಟ್ಟಿ ಹೊತ್ತು ಇಳಿಸುತ್ತಿದ್ದರು. ಇಳಿಸುವುದು ಅವರ ಕೆಲಸ. ಹತ್ತಿಸುವುದು ಯಾರ ಕೆಲಸವೂ ಅಲ್ಲ. ಒಂದು ದಿನ ಅವನು ಡಯಾಲಿಸಿಸ್ ಮುಗಿಸಿ ಬಂದು ಕೆಳಗೆ ಅಂಚೆ ಪೆಟ್ಟಿಗೆಗಳ ಪಕ್ಕ ಕತ್ತಲಾಗುವವರೆಗೆ ಕೂತಿದ್ದ. ಡಯಾಲಿಸಿಸ್ ಆದ ಮೇಲೆ ಮೈಯಲ್ಲಿ ತ್ರಾಣ ಇರುವುದಿಲ್ಲ, ಚಳಿ ಬೇರೆ. ಸೋಫಾ ತಲುಪಿಸಲು ಬಂದ ಇಬ್ಬರು ಅಪರಿಚಿತರು ಕರುಣೆಯಿಂದ ಮೇಲೆ ತಂದು ಬಿಟ್ಟರು. ಕೂತಲ್ಲೇ ಬಟ್ಟೆ ಒದ್ದೆಯಾಗಿತ್ತು. ಎಲ್ಲರೂ ನೋಡಿದ್ದರು. ಅಂದಿನಿಂದ ಅವನು ಇಳಿಯಲು ಒಪ್ಪುತ್ತಿಲ್ಲ. ಬೈದು ಅತ್ತು ಮಾಡಿದರೆ ಒಂದು ಸಲ ಹೋಗುತ್ತಾನೆ, ಎರಡು ಸಲ ತಪ್ಪಿಸುತ್ತಾನೆ.

ಮುಖ ಊದಿದೆ ಮಗಳೇ. ಮಲಗಿದರೆ ಉಸಿರು ಕಟ್ಟುತ್ತದೆ, ಅದಕ್ಕೇ ಕಿಟಕಿಯ ಬಳಿ ಕೂತೇ ನಿದ್ದೆ ಮಾಡುತ್ತಾನೆ. "ಆಸ್ಪತ್ರೆಗೆ ಫೋನ್ ಮಾಡ್ತೀನಿ ಕಣೋ" ಎಂದರೆ "ಮಾಡಿ ಮಿಸ್, ಬಾಗ್ಲು ತೆಗೆಯಲ್ಲ" ಎನ್ನುತ್ತಾನೆ. ನಿಮ್ಮಮ್ಮನ ಹಟ. ನನಗೆ ಎಪ್ಪತ್ತೆಂಟು. ನಾನೂ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಆದಮೇಲೆ ಇಳಿದಿಲ್ಲ. ತರಕಾರಿಯನ್ನು ಪಕ್ಕದ ಮನೆಯವರು ತಂದುಕೊಡುತ್ತಾರೆ.

ಬಾ ಎಂದು ಬರೆಯುತ್ತಿಲ್ಲ. ನಿನಗೆ ಗೊತ್ತಿರಲಿ ಎಂದು.

ವಿಲ್ಹೆಲ್ಮಿನಾ ಸ್ಯಾಟರ್‌ಫೀಲ್ಡ್


ಕ್ವೀನ್ಸ್ (ಹೊಸ ವಿಳಾಸ ಕೊನೆಯಲ್ಲಿದೆ)
4 ಫೆಬ್ರವರಿ 2024

ಡೆಸ್ಸಕ್ಕ,

ಬದುಕಿದ್ದೇನೆ. ಇದನ್ನು ಬರೆಯಲು ಕೈ ಸರಿಹೋಗುವವರೆಗೆ ಕಾದೆ. ಯಾರು ಯಾರಿಗೆ ಏನು ಹೇಳಿದರು ಎಂದು ನನಗೆ ಗೊತ್ತು, ಮಿಸ್ ವಿಲ್ಹೆಲ್ಮಿನಾ ಮೇಲೆ ಸಿಟ್ಟಿಲ್ಲ. ನಿನ್ನ ಮೇಲೆ ಇತ್ತು. ಏನಾಯಿತೆಂದು ಹೇಳುತ್ತೇನೆ, ಆಮೇಲೆ ನೀನೇ ನಿರ್ಧರಿಸು.

ಆ ಶನಿವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದು. ಮುಷ್ಟಿಯಿಂದ.

"ಯಾರದು?"

"ಬಿದ್ದೋನು ಕಣೋ. ಬಾಗ್ಲು ತೆಗಿ."

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ತೆಗೆದರೆ ಕ್ಲೀವಾನ್ ಬ್ರಾಡ್‌ನಾಕ್ಸ್. ಎಷ್ಟೋ ವರ್ಷದಿಂದ ಬೀದಿಯಲ್ಲಿ ಸಿಕ್ಕರೂ ತಲೆಯಾಡಿಸಿ ದಾಟಿ ಹೋಗುತ್ತಿದ್ದವನು. ಈಗ ಸಿಟಿ ಬಸ್ಸು ಓಡಿಸುತ್ತಾನೆ, ಭಾನುವಾರ ಚರ್ಚಿನಲ್ಲಿ ಹಿರಿಯ. ಹಿಂದೆ ಇನ್ನೂ ನಾಲ್ಕು ಜನ, ಎಲ್ಲ ಆ ಕಾಲದ ಕೋರ್ಟಿನವರು. ಒಬ್ಬನ ಸೊಂಟಕ್ಕೆ ಬೆಲ್ಟು, ಒಬ್ಬನ ಮೊಣಕಾಲು ಎರಡೂ ಲೋಹದ್ದು. ಮೆಟ್ಟಿಲು ಹತ್ತಿ ಬಂದು ಎಲ್ಲರೂ ಗೋಡೆ ಹಿಡಿದು ನಿಂತಿದ್ದರು. ನನ್ನನ್ನು ಹೊರುವುದಿರಲಿ, ಅವರನ್ನೇ ಯಾರಾದರೂ ಹೊರಬೇಕಿತ್ತು.

"ನಿನ್ನಕ್ಕ ಫೋನ್ ಮಾಡಿದ್ಲು," ಅಂದ. "ಚರ್ಚಿನ ನಂಬರ್ ಹುಡುಕಿ, ಯಾವ್ದೋ ಬಂದರಿಂದ. ಮೂವತ್ತು ವರ್ಷದಿಂದ ಊರೂರಲ್ಲಿ ನನ್ನ ಬೀಳಿಸ್ಕೊಂಡು ತಿರುಗ್ತಿರೋಳು 'ಕ್ಲೀವಾನ್, ಒಂದು ಉಪಕಾರ' ಅಂದ್ಲು."

"ನೀನೇನಂದೆ?"

"ಫೋನ್ ಇಟ್ಬಿಟ್ಟೆ. ಆಮೇಲೆ ನಾನೇ ಮಾಡಿದೆ."

ನಾನು ಬರುವುದಿಲ್ಲ ಎಂದೆ. ಕೂಗಾಡಿದೆ. "ನಾನೇನು ಸೋಫಾನಾ ಹೊತ್ಕೊಂಡು ಹೋಗಕ್ಕೆ?" ಎಂದೆ.

"ಸೋಫಾ ಆಗಿದ್ರೆ ಬಾಯಿ ಮುಚ್ಕೊಂಡಿರ್ತಿತ್ತು."

ಮಿಸ್ ವಿಲ್ಹೆಲ್ಮಿನಾ ನನಗೆ ನಿನ್ನ ಉಣ್ಣೆ ಟೋಪಿ ತೊಡಿಸಿ ಕಿವಿಯ ಮೇಲೆ ಎಳೆದರು. ಬೆಡ್‌ಶೀಟಿನಿಂದ ಸೊಂಟವನ್ನು ಕುರ್ಚಿಗೆ ಕಟ್ಟಿದರು. ಹೊಸಿಲು ದಾಟುವಾಗ ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಬಿಡಿಸಲು ಕ್ಲೀವಾನ್ ಎಳೆದಾಡಲಿಲ್ಲ. ಕೈಯ ಮೇಲೆ ಕೈಯಿಟ್ಟು ನಿಂತ. "ಯಾರೂ ನೋಡಿ ನಗಲ್ಲ ಕಣೋ. ನಕ್ರೆ ನನ್ನ ನೋಡಿ ನಗ್ತಾರೆ, ನಂಗೆ ಅಭ್ಯಾಸ ಇದೆ," ಅಂದ. ಆಗ ಬಿಟ್ಟೆ.

ಪ್ರತಿ ಮಹಡಿಗೂ ನಿಲ್ಲುತ್ತಾ ಇಳಿದರು. ಇಬ್ಬರು ಮುಂದೆ, ಇಬ್ಬರು ಹಿಂದೆ, ಒಬ್ಬ ವಿಶ್ರಾಂತಿಗೆ. ಮೆಟ್ಟಿಲ ದೀಪ ಹಲವು ಕಡೆ ಇರಲಿಲ್ಲ. ನನಗೆ ಎದುರಿಗೆ ಕಾಣುತ್ತಿದ್ದದ್ದು ಕ್ಲೀವಾನನ ಕತ್ತು, ಅದರ ಮೇಲೆ ಹರಿಯುವ ಬೆವರು. ಎಂಟನೆಯದೋ ಏಳನೆಯದೋ ಮಹಡಿಯಲ್ಲಿ ಅವನ ಕಾಲು ಕುಸಿಯಿತು. ಕುರ್ಚಿಯನ್ನು ಜೋಪಾನವಾಗಿ ನೆಲಕ್ಕಿಳಿಸಿ, ಗೋಡೆಗೊರಗಿ ಕುಕ್ಕರಿಸಿದ. ಬಾಗಿಲುಗಳು ತೆರೆದಿದ್ದವು, ಜನ ನಿಂತು ನೋಡುತ್ತಿದ್ದರು. ರೋಲರ್ ಸುತ್ತಿದ ಕೂದಲಿನ ಒಬ್ಬ ಹೆಂಗಸು, ನಮ್ಮ ವಯಸ್ಸಿನವಳು, ಇಬ್ಬರನ್ನೂ ನೋಡಿದಳು. ಗುರುತು ಹಿಡಿದಳು. ಬಾಯಿಗೆ ಕೈಯಿಟ್ಟುಕೊಂಡಳು, ಆದರೂ ತಡೆಯಲಾಗಲಿಲ್ಲ.

"ಏಳೋ ಕ್ಲೀವಾನ್, ಏಳು!"

ಮೆಟ್ಟಿಲೆಲ್ಲ ನಗು. ಮೇಲಿನಿಂದ ಯಾರೋ ತುತ್ತೂರಿಯ ಸದ್ದನ್ನು ಬಾಯಲ್ಲೇ ಮಾಡಿದರು. ಹೊರುವವರೂ ನಕ್ಕರು. ನನಗೆ ಭಯವಾಯಿತು, ಇವನೀಗ ಎದ್ದು ಹೋಗುತ್ತಾನೆ ಎಂದು. ಅವನು ಕಣ್ಣು ಮುಚ್ಚಿಕೊಂಡೇ ನನಗೆ ಮಾತ್ರ ಕೇಳುವ ಹಾಗೆ ಹೇಳಿದ:

"ನನ್ನ ಮದ್ವೇಲಿ ಈ ಹಾಡು ಹಾಕಿದ್ರು. ಬಸ್ ಹತ್ತೋರು ನನ್ನ ಹೆಸ್ರಿನ ಪಟ್ಟಿ ನೋಡಿ ಇವತ್ತಿಗೂ ಕೂಗ್ತಾರೆ. ನಾನು ಆಮೇಲೆ ಎದ್ದೆ ಅಂತ ಒಬ್ರೂ ಕೇಳಲಿಲ್ಲ. ಅವತ್ತು ಆಟ ಗೆದ್ದೋರು ಯಾರು, ಹೇಳು?"

"ನಿಮ್ಮ ಟೀಮು."

"ಕೊನೇ ಬುಟ್ಟಿ ಯಾರ್ದು?"

"ನಿನ್ದೇ."

"ಹೂಂ," ಅಂದ. "ನಿಂಗಾದ್ರೂ ನೆನಪಿದೆಯಲ್ಲ." ಆಮೇಲೆ ಗೋಡೆ ಹಿಡಿದು ಎದ್ದ. ಜನ ಚಪ್ಪಾಳೆ ತಟ್ಟಿದರು. ಅವನು ಅವರ ಕಡೆ ನೋಡಲೇ ಇಲ್ಲ, ಕುರ್ಚಿಯ ಹಿಡಿಗೆ ಕೈ ಹಾಕಿದ.

ಆಸ್ಪತ್ರೆಯಲ್ಲಿ ನನ್ನಿಂದ ತೆಗೆದ ನೀರು ನೋಡಿ ನರ್ಸು "ಇನ್ನೊಂದಿನ ಬಿಟ್ಟಿದ್ರೆ ನೀವಿರ್ತಿರ್ಲಿಲ್ಲ ಸಾರ್" ಎಂದಳು. ಎದೆಯ ಮೇಲೆ ಕೂತಿದ್ದ ಯಾರೋ ಇಳಿದು ಹೋದ ಹಾಗಾಯಿತು. ಎಷ್ಟು ದಿನದ ಮೇಲೋ ಚಪ್ಪಟೆಯಾಗಿ ಮಲಗಿದೆ.

ಬಿಡುಗಡೆಯ ದಿನ ಕ್ಲೀವಾನ್ ಮತ್ತೆ ಎಲ್ಲರನ್ನೂ ಕರೆದುಕೊಂಡು ಬಂದಿದ್ದ, ಹತ್ತಿಸಲು. ಟವರಿನ ಬಾಗಿಲವರೆಗೆ ಹೋದೆವು. ಅಂಚೆ ಪೆಟ್ಟಿಗೆಗಳು, ಲಿಫ್ಟಿಗೆ ಅಂಟಿಸಿದ ಅದೇ ಚೀಟಿ. ನಾನು ಚಕ್ರ ಹಿಡಿದು ನಿಲ್ಲಿಸಿದೆ.

"ನಾನು ಮೇಲೆ ಬರಲ್ಲ," ಅಂದೆ.

"ಮತ್ತೆಲ್ಲಿಗೆ ಹೋಗ್ತೀಯ?"

"ಎಲ್ಲಿಗಾದ್ರೂ. ನೆಲದ ಮೇಲೆ."

ಈಗ ಎರಡು ಬೀದಿ ಆಚೆ ಒಂದು ಆರೈಕೆ ಮನೆಯಲ್ಲಿ ನೆಲಮಹಡಿಯ ಕೋಣೆ ಸಿಕ್ಕಿದೆ. ಇಬ್ಬರಿಗೆ ಒಂದು ಕೋಣೆ. ಜೊತೆಗಾರ ಮಾತಾಡುವುದಿಲ್ಲ, ನಾನು ಅವನ ಪಾಲಿನದನ್ನೂ ಆಡುತ್ತೇನೆ. ಇಲ್ಲಿಗೆ ಬಂದರೆ ಅಮ್ಮನ ಮನೆ ಬಿಡಬೇಕು, ಸರ್ಕಾರಿ ಬಾಡಿಗೆ ಮನೆಯ ನಿಯಮ ಅದು. ಏಪ್ರಿಲ್ ಕೊನೆಗೆ ಬೀಗದ ಕೈ ಕೊಡುವುದಾಗಿ ಸಹಿ ಹಾಕಿದ್ದೇನೆ.

ನಿನ್ನನ್ನು ಕೇಳಲಿಲ್ಲ.

ಥರ್ಮನ್


ಹಡಗಿನಿಂದ
25 ಫೆಬ್ರವರಿ 2024

ಥರ್ಮನ್,

ನೀನು ಬದುಕಿದ್ದೀಯ. ಮೊದಲು ಅದನ್ನು ಬರೆಯುತ್ತೇನೆ, ಯಾಕೆಂದರೆ ಮುಂದಿನ ಸಾಲುಗಳಲ್ಲಿ ಅದು ಕಾಣುವುದಿಲ್ಲ.

ಕೇಳಬೇಕಿತ್ತು. ಅದು ಅಮ್ಮನ ಮನೆ. ನನ್ನ ಪಾಸ್‌ಪೋರ್ಟಿನಲ್ಲಿ, ಬ್ಯಾಂಕಿನಲ್ಲಿ, ಈ ಹಡಗಿನ ಪುಸ್ತಕದಲ್ಲಿ ನನ್ನ ವಿಳಾಸ ಎಂದರೆ ಅದೇ. ಹಡಗಿನ ತಳದಲ್ಲಿ ಮಲಗಿ ನಾನು ನಡೆದಾಡುವುದು ಆ ಮನೆಯಲ್ಲಿ: ಅಡುಗೆಮನೆ, ಬಚ್ಚಲಿನ ಸೋರುವ ನಲ್ಲಿ, ನಾವು ಟೇಪ್ ನಿಲ್ಲಿಸಿ ಓಡಿಸಿ ಹಾಡು ಕಟ್ಟುತ್ತಿದ್ದ ಆ ಮೂಲೆ. ನೀನೊಬ್ಬನೇ ಸಹಿ ಹಾಕಿಬಿಟ್ಟೆ.

ಆ ವಾರ ನಾನು ಮ್ಯಾನೇಜರನ ಮುಂದೆ ನಿಂತು ರಜೆ ಕೇಳಿದ್ದೆ. ಪಾಪ, ಪುಸ್ತಕ ತೆಗೆದು ನೋಡಿದ. "ಮನೇಲಿ ಯಾರಾದ್ರೂ ತೀರ್ಕೊಂಡ್ರೆ ರಜ ಇದೆ ಮೇಡಂ. ತೀರ್ಕೊಳ್ತಾ ಇದ್ರೆ ಇಲ್ಲ," ಅಂದ. ಅಲ್ಲಿಂದ ಹೊರಬಂದು ಕ್ಲೀವಾನ್‌ಗೆ ಫೋನ್ ಮಾಡಿದ್ದು. ಬೇರೆ ಯಾರ ಹೆಸರೂ ಬಾಯಿಗೆ ಬರಲಿಲ್ಲ. ನನಗೆ ಬರುವುದು ಅದೊಂದೇ ಹೆಸರು.

ನಿನ್ನೆ ತೊಂಬತ್ತರ ವಿಶೇಷ ಪ್ರದರ್ಶನ ಆಯಿತು. ಎರಡನೇ ಚರಣ ಮುಗಿದಾಗ ಸಂಗೀತ ನಿಲ್ಲಿಸಲು ಹೇಳಿದೆ. "ಅವತ್ತಿನ ಆಟ ಗೆದ್ದದ್ದು ಕ್ಲೀವಾನ್. ಕೊನೆಯ ಬುಟ್ಟಿ ಅವನದು," ಎಂದೆ. ಜನ ತಮಾಷೆ ಎಂದುಕೊಂಡು ಜೋರಾಗಿ ನಕ್ಕರು. ಆಮೇಲೆ ಪಲ್ಲವಿ ಕೇಳಿದರು. ಹಾಡಿದೆ. ಮತ್ತೆ ಕೇಳಿದರು. ಮತ್ತೆ ಹಾಡಿದೆ. ಮ್ಯಾನೇಜರ್ ಇನ್ನೊಂದು ವರ್ಷದ ಕರಾರು ತಂದು ಮೇಜಿನ ಮೇಲಿಟ್ಟಿದ್ದಾನೆ. ಸಹಿ ಹಾಕದೆ ನಾನೇನು ಮಾಡಲಿ? ಇಳಿದು ಯಾವ ಮನೆಗೆ ಹೋಗಲಿ?

ಒಡೆಸ್ಸಾ


ಕ್ವೀನ್ಸ್
24 ಮಾರ್ಚ್ 2024

ಡೆಸ್ಸಕ್ಕ,

ನೀನು ನಡೆದಾಡುವ ಮನೆಯಲ್ಲಿ ನಾನು ಕೂತಿದ್ದೆ. ಎರಡೂ ಒಂದೇ ಮನೆಯಲ್ಲ.

ಬೇಕಿದ್ದರೆ ಬಂದು ಉಳಿಸಿಕೋ. ನಿನ್ನ ಹೆಸರಿಗೆ ಕೇಳಿದರೆ ಕೊಡುತ್ತಾರೆ, ವಿಚಾರಿಸಿದ್ದೇನೆ. ಬೀಗದ ಕೈ ಮಿಸ್ ವಿಲ್ಹೆಲ್ಮಿನಾ ಹತ್ತಿರ ಇದೆ. ಲಿಫ್ಟ್ ಇನ್ನೂ ಬಂದಿಲ್ಲ. ನಿನ್ನ ಮೊಣಕಾಲು ಹೇಗಿದೆಯೋ ನನಗೆ ತಿಳಿಯದು, ನೀನು ಬರೆದಿಲ್ಲ, ನಾನು ಕೇಳಿಲ್ಲ.

ಬಂದರೆ ನನ್ನನ್ನು ನೋಡಲೇಬೇಕೆಂದೇನೂ ಇಲ್ಲ. ಶನಿವಾರ ಬೆಳಿಗ್ಗೆ ಮಾತ್ರ ನಾನು ಕೋಣೆಯಲ್ಲಿರುವುದಿಲ್ಲ. ಕ್ಲೀವಾನ್ ಬಂದು ತಳ್ಳಿಕೊಂಡು ಹೋಗುತ್ತಾನೆ.

ಥರ್ಮನ್


ಹಾಲೋವೇ ಟವರ್ಸ್, ಹದಿನಾಲ್ಕನೇ ಮಹಡಿ
27 ಏಪ್ರಿಲ್ 2024

ಥರ್ಮ್,

ಅಮ್ಮನ ಅಡುಗೆಮನೆಯ ಮೇಜಿನ ಮೇಲೆ ಬರೆಯುತ್ತಿದ್ದೇನೆ. ಗುರುವಾರ ಬಂದೆ. ಕರಾರಿಗೆ ಸಹಿ ಹಾಕಲಿಲ್ಲ. ಧೈರ್ಯದಿಂದಲ್ಲ, ಪೆನ್ನು ಹಿಡಿದು ಕೂತೆ, ಕೈ ಚಲಿಸಲಿಲ್ಲ. ಮುಂದೆ ಏನು ಎಂದು ಗೊತ್ತಿಲ್ಲ. ಡಂಗರಿಯನ್ನು ಹಡಗಿನಲ್ಲೇ ಬಿಟ್ಟು ಬಂದೆ, ಅದು ಅವರದ್ದೇ.

ಹತ್ತಿ ಬರುವಷ್ಟರಲ್ಲಿ ಜೀವ ಬಾಯಿಗೆ ಬಂತು. ನನ್ನ ಪೆಟ್ಟಿಗೆ ಇನ್ನೂ ಮೂರನೇ ಮಹಡಿಯಲ್ಲಿ ಯಾರದೋ ಮನೆಯೊಳಗಿದೆ. ಮಿಸ್ ವಿಲ್ಹೆಲ್ಮಿನಾ ನನ್ನನ್ನು ಕಂಡು ಮೊದಲು ಬೈದರು, ಆಮೇಲೆ ಅಪ್ಪಿಕೊಂಡರು, ಆಮೇಲೆ ಮತ್ತೆ ಬೈದರು. ಜೋಳದ ಬ್ರೆಡ್ಡು, ಹುರಿದ ಮೀನು ಕೊಟ್ಟರು. "ಉಪ್ಪು ಹಾಕಿದೀನಿ, ತಿನ್ನು. ಎಷ್ಟು ದಿನ ಆಯ್ತೋ ಮನುಷ್ಯರ ಅಡುಗೆ ಮಾಡಿ" ಅಂದರು.

ಉಳಿಸಿಕೊಳ್ಳುವುದೆಂದೇ ಬಂದಿದ್ದೆ ಕಣೋ. ಮೂರು ದಿನ ಇದ್ದೆ. ನಲ್ಲಿ ಸೋರುವುದನ್ನು ನೀನು ಯಾವತ್ತೋ ಸರಿಮಾಡಿಸಿದ್ದೀಯ. ನಾವು ಹಾಡು ಕಟ್ಟುತ್ತಿದ್ದ ಮೂಲೆಯಲ್ಲಿ ನಿನ್ನ ಔಷಧಿಯ ಖಾಲಿ ಪೆಟ್ಟಿಗೆಗಳು, ಚಾವಣಿಯವರೆಗೆ. ಕಿಟಕಿಯ ಬಳಿ ನೆಲದ ಬಣ್ಣ ಒಂದು ಕಡೆ ಸವೆದು ಹೋಗಿದೆ, ಗಾಲಿಗಳಿದ್ದ ಜಾಗ. ಅಲ್ಲಿ ಕುರ್ಚಿ ಎಳೆದುಕೊಂಡು ಕೂತೆ. ಕೂತವಳಿಗೆ ಏಳಲು ಮನಸ್ಸಾಗಲಿಲ್ಲ. ನೋಡಲು ಬಹಳವಿತ್ತು ಎಂದಲ್ಲ, ಏನೂ ಇರಲಿಲ್ಲ. ಹಾಗೇ ದಿನ ಹೋಗುತ್ತದೆ ಎಂದು ಗೊತ್ತಾಯಿತು. ಹೆದರಿಕೆಯಾಯಿತು.

ಇವತ್ತು ಬೆಳಿಗ್ಗೆ ಒಬ್ಬ ದಪ್ಪ ಮನುಷ್ಯ ಒಂದು ಕುರ್ಚಿಯನ್ನು ತಳ್ಳುತ್ತಾ ಕೋರ್ಟಿನೊಳಗೆ ಬಂದ. ಕುರ್ಚಿಯಲ್ಲಿದ್ದವನ ಮುಖ ಇಲ್ಲಿಂದ ಕಾಣುವುದಿಲ್ಲ. ಕೈ ಎತ್ತಿದ ರೀತಿಗೇ ನೀನೆಂದು ತಿಳಿಯಿತು. ಎಡಗೈಯ ಆ ಹುಡುಗಿಯನ್ನು ಹತ್ತಿರ ಕರೆದೆ. ಏನೋ ಹೇಳಿದೆ. ಅವಳು ತಲೆಯಾಡಿಸಿ ಜಗಳಕ್ಕೆ ನಿಂತಳು. ನೀನೂ ಬಿಡಲಿಲ್ಲ. ಕ್ಲೀವಾನ್ ನಡುವೆ ಬಂದು ಇಬ್ಬರಿಗೂ ಬೈದ ಹಾಗೆ ಕಂಡಿತು. ನಾನು ಕಿಟಕಿ ಎತ್ತಿ ನಿನ್ನ ಹೆಸರು ಕೂಗಿದೆ. ಎರಡು ಸಲ ಕೂಗಿದೆ. ಯಾರೂ ತಲೆ ಎತ್ತಲಿಲ್ಲ.

ಮನೆ ಬೇಡ ಥರ್ಮ್. ಅಮ್ಮನ ಕಬ್ಬಿಣದ ಬಾಣಲೆಯೊಂದನ್ನು ಚೀಲದಲ್ಲಿ ಇಟ್ಟುಕೊಂಡಿದ್ದೇನೆ. ಬೀಗದ ಕೈಯನ್ನು ಎದುರು ಮನೆಗೆ ಕೊಟ್ಟು ಹೊರಡುತ್ತೇನೆ. ಸಂಜೆಗೆ ಮಿಸ್ ವಿಲ್ಹೆಲ್ಮಿನಾರನ್ನು ಹೇಗೆ ಇಳಿಸುವುದೆಂದು ಕ್ಲೀವಾನನನ್ನು ಕೇಳಬೇಕು. ಅವರಿಗೂ ಒಂದು ದಿನ ಬಿಸಿಲಲ್ಲಿ ಕೂರಬೇಕಂತೆ.

ಈ ಕಾಗದಕ್ಕೆ ಸ್ಟಾಂಪು ಹಚ್ಚುವುದಿಲ್ಲ; ನೀನಿನ್ನೂ ಕೆಳಗೆ ಕೋರ್ಟಿನಲ್ಲೇ ಇದ್ದೀಯ, ಕೈಯಲ್ಲೇ ತಂದು ಕೊಡುತ್ತೇನೆ. ನೀನು ಓದಿ ಮುಗಿಸುವವರೆಗೆ ಬೇಲಿಯ ಹತ್ತಿರ ನಿಂತಿರುತ್ತೇನೆ. ಮಾತಾಡಬೇಕೆನ್ನಿಸಿದರೆ ಕರಿ. ಜಗಳವಾದರೂ ಸರಿ.

ನಿನ್ನ ಅಕ್ಕ,
ಒಡೆಸ್ಸಾ